ಹೊಳೆಯ ತಿರುವಿನ ಅತ್ತಿಮರ

ವೇಣುಗೋಪಾಲ,

ನಿನ್ನ ವಿಳಾಸ ನನ್ನಲ್ಲಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ತಂಗಿಯ ಮಗಳು ಶ್ರೇಯಾ ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಅವಳೊಂದಿಗೆ ಪೊಳಲಿಯ ಹೊಳೆಬದಿಗೆ ಹೋಗಿದ್ದೆ. "ಅತ್ತಿಮರದ ಕೆಳಗೆ ಕಾಯ್ತೇನೆ" ಎಂದು ಎಷ್ಟೋ ವರ್ಷಗಳ ಹಿಂದೆ ನೀನು ಹೇಳಿದ್ದೆಯಲ್ಲ, ನಾನು ಕತ್ತಲಾಗುವವರೆಗೆ ಕಾದು, ನೀನು ಬರಲಿಲ್ಲವೆಂದು ಸಿಟ್ಟಿನಲ್ಲಿ ಹಿಂದಿರುಗಿದ್ದೆ; ಆ ಮರ ಹಾಗೆಯೇ ಇತ್ತು.

"ನೋಡು, ಅತ್ತಿಮರ" ಎಂದೆ.

ಅವಳು ಒಂದು ಎಲೆ ಕಿತ್ತು ನನ್ನ ಕೆನ್ನೆಗೆ ಸವರಿದಳು. ಬೆಕ್ಕಿನ ನಾಲಿಗೆಯಂತೆ ಒರಟಾಗಿತ್ತು.

"ಅತ್ತಿಯ ಎಲೆ ನುಣ್ಣಗಿರ್ತದೆ ದೊಡ್ಡಮ್ಮ, ಹಣ್ಣು ಕೆಂಪು. ಇದರ ಕಾಯಲ್ಲಿ ರೋಮ ಉಂಟು ನೋಡಿ. ಇದು ಕಾಡತ್ತಿ."

ಒಳಗೆ ಜೀವಿಗಳಿರುತ್ತವೆಂದು ನಮ್ಮ ಜೈನರ ಮನೆಗಳಲ್ಲಿ ಅತ್ತಿಹಣ್ಣು ತಿನ್ನುವುದಿಲ್ಲ. ನಾನು ಅದನ್ನು ಹತ್ತಿರದಿಂದ ನೋಡಿದವಳೇ ಅಲ್ಲ.

"ಹಾಗಾದರೆ ಅತ್ತಿಮರ ಎಲ್ಲುಂಟು?"

"ಅಗೋ, ಮೇಲಿನ ತಿರುವಿನಲ್ಲಿ. ಹೋಗುವ ಬನ್ನಿ."

ಅಲ್ಲಿಂದ ನಾನು ಕಾದ ಜಾಗ ಕಾಣುವುದಿಲ್ಲ. ಕೆಂಪು ಹಣ್ಣುಗಳು ಒಂದೊಂದಾಗಿ ನೀರಿಗೆ ಬಿದ್ದು, ನಿದ್ದೆಯಲ್ಲಿ ನಡೆಯುವವರ ಹಾಗೆ ಮೆಲ್ಲಗೆ ಕೆಳಗೆ ತೇಲಿಹೋಗುತ್ತಿದ್ದವು.

ಆ ಸಂಜೆಯೂ ಅವು ನನ್ನ ಮುಂದೆಯೇ ತೇಲಿಹೋಗಿದ್ದವು ವೇಣು. ಎಲ್ಲಿಂದ ಬರುತ್ತಿವೆಯೆಂದು ನಾನು ತಲೆಯೆತ್ತಿ ನೋಡಲಿಲ್ಲ.

ಪ್ರಭಾವತಿ