ಮುಂಬಾಗಿಲಿಂದಲೇ ಹೋದೆ

ಜುಲೈ ೧೮, ಭಾನುವಾರ

ಪ್ರೀತಿಯ ಅಕ್ಕಾ,

ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾದದ್ದಕ್ಕೆ ಕ್ಷಮಿಸು. ಕೆಲಸದ ನೆಪ ಹೇಳುವುದಿಲ್ಲ. ಓದಿ ಸಿಟ್ಟು ಬಂದಿತ್ತು, ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ.

ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಡ, ನಾಳೆ ನಿನ್ನ ಮಗಳನ್ನು ಹುಚ್ಚಿಯ ಮಗಳು ಅನ್ನುತ್ತಾರೆ ಎಂದು ಬರೆದಿದ್ದೀಯ. ಹೋಗಿ ಬಂದೆ ಅಕ್ಕಾ. ನಾಲ್ಕು ಸಲ.

ಸೋಂಕು ಶುರುವಾದಾಗಿನಿಂದ ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಹಾಸುಬಟ್ಟೆಗಳ ಮೂಟೆ ಬಂದು ಬೀಳುತ್ತಲೇ ಇತ್ತು. ಒಗೆಯಲು ನಾವು ಏಳು ಹೆಂಗಸರು, ಇಸ್ತ್ರಿಗೆ ಒಬ್ಬ ಹಿರಿಯರು. ಹೊತ್ತಿಗೆ ಸರಿಯಾಗಿ ಬರುವುದರಿಂದ ಅವರು ಎಲ್ಲರಿಗೂ ಗಡಿಯಾರಪ್ಪ. ಮೇ ತಿಂಗಳ ಒಂದು ಮಧ್ಯಾಹ್ನ ಯಂತ್ರದ ಮುಂದೆ ನಿಂತವಳಿಗೆ ಗುಂಡಿ ಒತ್ತಲು ಕೈಯೇ ಏಳಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಗಡಿಯಾರಪ್ಪ ಬಂದು ಸ್ಟೂಲಿನ ಮೇಲೆ ಕೂರಿಸಿ, ಮೂರನೆಯ ಮಹಡಿಯ ಡಾಕ್ಟರಿಗೆ ತೋರಿಸು ಎಂದರು.

ಸೂಪರ್‌ವೈಸರ್ ಒಳ್ಳೆಯ ಮಾತಿನಲ್ಲೇ, ಹಿಂದಿನ ಮೆಟ್ಟಿಲಿಂದ ಹೋಗು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಉಪಾಯ ಹೇಳಿಕೊಟ್ಟರು.

"ಕಾಲು ಮುರಿದವರು ಮುಂಬಾಗಿಲಿಂದ ಹೋಗ್ತಾರೆ ಸಾರ್. ನಾನೂ ಹಾಗೇ ಹೋಗ್ತೀನಿ" ಎಂದೆ.

ಹೋದೆ. ಎಲ್ಲರ ಜೊತೆ ಸರದಿಯಲ್ಲಿ ನಿಂತೆ. ಡಾಕ್ಟರಮ್ಮ ಧೈರ್ಯವಾಗಿರು ಎಂದು ಉಪದೇಶ ಮಾಡಲಿಲ್ಲ. ಊಟ, ನಿದ್ದೆ ಕೇಳಿದರು, ನಾನು ಅಳುವಷ್ಟು ಹೊತ್ತು ಕಾದರು, ಮಾತ್ರೆ ಬರೆದರು. ದಿನಾ ಯಾರ ಜೊತೆಗಾದರೂ ಹತ್ತು ನಿಮಿಷ ಮನಸ್ಸು ಬಿಚ್ಚಿ ಮಾತಾಡು ಎಂದರು.

ಜೂನಿನಲ್ಲಿ ಗಡಿಯಾರಪ್ಪನವರ ಹೆಂಡತಿಗೆ ಸೋಂಕು ತಗುಲಿ ವಾರ್ಡಿಗೆ ಸೇರಿಸಿದರು. ಇವರು ಮಾತು ಬಿಟ್ಟರು. ಊಟದ ಡಬ್ಬಿ ತಂದ ಹಾಗೇ ವಾಪಸ್ ಹೋಗುತ್ತಿತ್ತು. ನಾನು ದಿನಾ ಮೂರು ಗಂಟೆಗೆ ಯಂತ್ರ ನಿಲ್ಲಿಸಿ, ಹಿಂದಿನ ಅಂಗಳದಲ್ಲಿ ಅವರಿಂದ ಒಂದು ಮಾರು ದೂರ ಕೂತೆ. ಮೂರು ದಿನ ಹಾಗೇ ಕೂತು ಎದ್ದು ಬಂದೆವು. ನಾಲ್ಕನೆಯ ದಿನ, "ಅವಳ ಕನ್ನಡಕ ಕೊಟ್ಟು ಕಳಿಸೋದು ಮರೆತೆ ಕಣಮ್ಮ. ಏನೂ ಕಾಣ್ಸಲ್ಲ ಅವಳಿಗೆ" ಎಂದು ಅತ್ತರು. ಅಂದೇ ನರ್ಸ್ ಕೈಲಿ ಕನ್ನಡಕ ಕಳಿಸಿದೆವು.

ಕೆಲಸದ ಹೊತ್ತಿನಲ್ಲಿ ಹರಟೆ ಕೂಡದು ಎಂದು ಸೂಪರ್‌ವೈಸರ್ ರೇಗಿದರು. ಮರುದಿನ ಉಳಿದ ಆರು ಹೆಂಗಸರೂ ಯಂತ್ರ ನಿಲ್ಲಿಸಿ ನಮ್ಮ ಜೊತೆ ಬಂದು ಕೂತರು. ಏಳು ಜನರನ್ನೂ ಓಡಿಸಿದರೆ ಒಗೆಯುವವರು ಯಾರು? ಸೂಪರ್‌ವೈಸರ್ ಗೊಣಗಿಕೊಂಡು ಹೋದರು. ಈಗ ಅವರೂ ಬಂದು ಕೂರುತ್ತಾರೆ. ಮೊನ್ನೆ, ತೀರಿಹೋದ ತಮ್ಮನ ಮಾತು ತೆಗೆದರು. ಗಡಿಯಾರಪ್ಪನ ಹೆಂಡತಿ ಮನೆಗೆ ಬಂದಿದ್ದಾರೆ, ಉಸಿರು ಇನ್ನೂ ಸಾಲದು.

ಆಡುವವರ ಬಾಯಿಗೆ ಹೆದರಿ ನನ್ನ ಬಾಯಿಗೆ ಬೀಗ ಹಾಕಿಕೊಳ್ಳಲಾರೆ. ಮಗಳಿಗೂ ಎಲ್ಲ ಹೇಳಿದ್ದೇನೆ. ಮುಂದಿನ ಸಲ ಡಾಕ್ಟರ ಹತ್ತಿರ ತಾನೂ ಜೊತೆಗೆ ಬರುತ್ತಾಳಂತೆ. ನಿನಗೂ ನಿದ್ದೆ ಇಲ್ಲ ಎಂದು ಭಾವ ಹೇಳಿದರು. ನನ್ನ ಹತ್ತಿರವಾದರೂ ಮಾತಾಡು, ಬೈದರೂ ಸರಿ. ಮಕ್ಕಳು ಚೆನ್ನಾಗಿರಲಿ. ನಿನ್ನ ಹರಕೆ ನನ್ನ ತಲೆ ಮೇಲಿರಲಿ. ಸುಮ್ಮನಿರು ಎಂಬ ಬುದ್ಧಿವಾದ ಮಾತ್ರ ಬೇಡ.

ನಿನ್ನ ಹಟಮಾರಿ ತಂಗಿ

ತಾ.ಕ.: ಅಮ್ಮ ನಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವಳ ಬಟ್ಟೆಯೆಲ್ಲ ಸುಟ್ಟರು ಎಂದಿದ್ದೆನಲ್ಲ, ಸುಳ್ಳು. ಗುಂಡಿ ಒತ್ತಲು ಕೈ ಏಳದ ಆ ಮಧ್ಯಾಹ್ನ ಬಂದ ಮೂಟೆಯಲ್ಲಿ ಅವಳ ಸ್ವೆಟರ್ ಇತ್ತು, ಮೊಣಕೈಗೆ ನೀನು ಹಾಕಿದ್ದ ಹಸಿರು ತೇಪೆ ಸಮೇತ. ಬಚ್ಚಿಟ್ಟುಕೊಂಡೆ. ಸೋಂಕು ಹೋಗಲೆಂದು ಕುದಿನೀರಿನಲ್ಲಿ ಮೂರು ಸಲ ಒಗೆದೆ. ಮೂರನೆಯ ಸಲಕ್ಕೆ ಅಮ್ಮನ ವಾಸನೆಯೂ ಹೋಯಿತು ಅಕ್ಕಾ. ನನ್ನ ಕೈಯಾರೆ ತೆಗೆದೆ.