ಸೋಫಲ್ ಅಜ್ಜಿಯ ಅನ್ನದುಂಡೆ

ಹ್ಯಾಮಿಲ್ಟನ್
೨೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಪದ್ಮಕ್ಕನಿಗೆ,

ನಮಸ್ಕಾರ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಆಸ್ಪತ್ರೆಯ ಡ್ಯೂಟಿ ಅಂತ ನೆಪ ಹೇಳಿದರೆ ನೀನು ನಂಬುವುದಿಲ್ಲ, ಬೈದುಬಿಡು. ಭಾವನ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ಮಗಳು ಲಾಸ್ಯಾಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕಳೆದ ಭಾನುವಾರದ ಸಂಗತಿ ನಿನಗೆ ಹೇಳಲೇಬೇಕು. ನನ್ನ ವಾರ್ಡಿನಲ್ಲಿ ಬೋಫಾ ಅಂತ ಒಬ್ಬಳು ನರ್ಸ್ ಇದ್ದಾಳೆ. ಕಾಂಬೋಡಿಯಾದಿಂದ ಬಂದ ಖ್ಮೇರ್ ಮನೆತನದವಳು. ನಮ್ಮ ಮಹಾಲಯ ಅಮಾವಾಸ್ಯೆಯ ಹೊತ್ತಿಗೇ ಅವರಿಗೂ ಹಿರಿಯರ ಹಬ್ಬ. ಅವರ ಬುದ್ಧಮಂದಿರಕ್ಕೆ ಬಂದು ವಯಸ್ಸಾದವರ ಬಿಪಿ ನೋಡಿಕೊಡು ಎಂದು ಕರೆದಳು. ಬಿಪಿ ಮಷೀನಿನ ಜೊತೆಗೆ ಒಂದು ಪಾತ್ರೆ ಪುಳಿಯೋಗರೆಯನ್ನೂ ಹೊತ್ತುಕೊಂಡು ಬೆಳಿಗ್ಗೆ ಎಂಟಕ್ಕೇ ಹೋದೆ.

ಒಂದು ಗಂಟೆ ಕೂತರೂ ನನ್ನ ಮೇಜಿನ ಹತ್ತಿರ ಯಾರೂ ಸುಳಿಯಲಿಲ್ಲ. ಹೆಸರು ಬರೆದುಕೊಳ್ಳಲು ಹಾಳೆ, ಪೆನ್ನು ಇಟ್ಟುಕೊಂಡಿದ್ದೆ. ಅದೇ ತಪ್ಪಾಗಿತ್ತು. ಐವತ್ತು ವರ್ಷದ ಹಿಂದೆ ಅವರ ದೇಶದಲ್ಲಿ ಲಕ್ಷಾಂತರ ಜನರನ್ನು ಕೊಂದ ಆ ಕೆಟ್ಟ ಕಾಲದಲ್ಲಿ, ಪಟ್ಟಿ ಹಿಡಿದು ಬಂದವರು ತನ್ನ ತಾತನನ್ನು ಕರೆದುಕೊಂಡು ಹೋದರು, ತಾತ ಮರಳಲೇ ಇಲ್ಲ ಎಂದು ಬೋಫಾ ಮೆಲ್ಲಗೆ ಹೇಳಿದಳು. ಹೆಸರು ಬರೆಯುವವರನ್ನು ಕಂಡರೆ ಅವಳ ಅಜ್ಜಿಗೆ ಇವತ್ತಿಗೂ ಭಯವಂತೆ.

ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿ, ಕೈ ತೊಳೆದುಕೊಂಡು ನೇರ ಅಡುಗೆಮನೆಗೆ ನಡೆದೆ. ಆ ಅಜ್ಜಿ, ಹೆಸರು ಸೋಫಲ್, ಹಿರಿಯರಿಗೆಂದು ಅಂಟಕ್ಕಿಯ ಅನ್ನಕ್ಕೆ ಎಳ್ಳು ಬೆರೆಸಿ ಉಂಡೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕಟ್ಟತೊಡಗಿದೆ. ಉಂಡೆ ಕಟ್ಟುವುದನ್ನು ನನಗೇನು ಯಾರಾದರೂ ಹೇಳಿಕೊಡಬೇಕೇ? ಮೊದಲ ನಾಲ್ಕನ್ನು ಅಜ್ಜಿ ಒಡೆದು ಮತ್ತೆ ಕಟ್ಟಿದರು. ಐದನೆಯದನ್ನು ತಟ್ಟೆಗೆ ಇಟ್ಟರು. ನನ್ನ ಪುಳಿಯೋಗರೆಯನ್ನು ರುಚಿ ನೋಡಿ, ಇದಕ್ಕೂ ಎಳ್ಳು ಹಾಕಿದ್ದಾಳೆ ಎಂದು ಮೊಮ್ಮಗಳಿಗೆ ಹೇಳಿದರು. ಆಮೇಲೆ ತಾವಾಗಿಯೇ ತೋಳು ಚಾಚಿದರು. ಅವರ ಹಿಂದೆ ಹತ್ತೊಂಬತ್ತು ಜನ ಬಂದರು. ಇಬ್ಬರ ಬಿಪಿ ಗಾಬರಿಯಾಗುವಷ್ಟಿತ್ತು, ಸೋಮವಾರವೇ ನಾನು ಕಾರಿನಲ್ಲಿ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ.

ಭಿಕ್ಷುಗಳು ತೀರಿಕೊಂಡವರ ಹೆಸರು ಹೇಳಿ ಮಂತ್ರ ಪಠಿಸುವ ಹೊತ್ತಾಯಿತು. ನಿನ್ನವರು ಯಾರಿದ್ದಾರೆ ಎಂದು ಅಜ್ಜಿ ಕೇಳಿದರು. ನಾನು ಪೆನ್ನಿಗೆ ಕೈ ಹಾಕಿದೆ. ಅಜ್ಜಿಯ ಮಾತನ್ನು ಬೋಫಾ ನನಗೆ ತಿಳಿಸಿದಳು:

"ಬರೀಬೇಡ. ಬಾಯಲ್ಲೇ ಹೇಳು, ನಾನು ನೆನಪಿಟ್ಕೊಳ್ತೀನಿ."

ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಕಾವಿಯ ಭಿಕ್ಷುವೊಬ್ಬರ ಬಾಯಲ್ಲಿ ನಮ್ಮಮ್ಮ "ಕೌಲಮ್ಮ" ಆಗಿದ್ದಳು. ಗೌರಮ್ಮ ಅಂತ ತಿದ್ದಲು ಮನಸ್ಸಾಗಲಿಲ್ಲ, ಅಕ್ಕ. ಎಲ್ಲರ ಜೊತೆ ಕೂತು ಹೊಟ್ಟೆ ತುಂಬ ಊಟ ಮಾಡಿದೆ. ಪಾತ್ರೆ ಬರಿದಾಗಿ ವಾಪಸ್ ಬಂತು.

ಕೃತಿಗೆ ನನ್ನ ಆಶೀರ್ವಾದ ತಿಳಿಸು. ಪರೀಕ್ಷೆಗೆ ಹೆದರದೆ ಓದಲಿ, ಒಳ್ಳೆಯದೇ ಆಗುತ್ತದೆ.

ನಿನ್ನ ತಂಗಿ,
ಪ್ರಭಾ

ತಾ.ಕ.: ಕೊರೊನಾದಿಂದ ಗಡಿ ಮುಚ್ಚಿ ನಾನು ಊರಿಗೆ ಬರಲಾಗದ ಆ ವರ್ಷ, ಅಮ್ಮನ ಮುಖ ಮುಚ್ಚುವ ಮೊದಲು ನೀನು ವಿಡಿಯೊದಲ್ಲಿ ತೋರಿಸುತ್ತಿದ್ದೆ. ನಡುವೆ ನೆಟ್‌ವರ್ಕ್ ಹೋಯಿತು ಅಂದಿದ್ದೆನಲ್ಲ, ಹೋಗಿರಲಿಲ್ಲ. ನೋಡಲಾರದೆ ನಾನೇ ಕಟ್ ಮಾಡಿದೆ. ನೀನು ಹನ್ನೊಂದು ಸಲ ಮಾಡಿದೆ, ನಾನು ಎತ್ತಲಿಲ್ಲ. ನನಗೆ ಫೋನ್ ಮಾಡುತ್ತ ನಿಂತು ನೀನೂ ಅಮ್ಮನ ಮುಖವನ್ನು ಕೊನೆಯ ಸಲ ನೋಡಲಿಲ್ಲವೆಂದು ಭಾವ ಆಮೇಲೆ ಹೇಳಿದರು.