ಕಸ್ತೂರೆವ್ವನಿಗೆ, ಸೊಸೆಯ ವಿಚಾರವಾಗಿ

ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಒಂಬತ್ತು, ಸೌಮ್ಯ ಸಂವತ್ಸರ, ಶ್ರಾವಣ ಮಾಸ. ತೇಲುಕೇರಿ, ಬಾಗಲಕೋಟೆ.

ನವನಗರದ ಪೂಜ್ಯ ಕಸ್ತೂರೆವ್ವನವರಿಗೆ, ನಿಮ್ಮ ವಂಶದ ಏಳನೆಯ ತಲೆಮಾರಿನ ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕಿಡಿಗೇಡಿಗಳ ಕೆಲಸವೆಂದು ಹರಿದು ಹಾಕಬೇಡಿ. ಇದು ಹಿಂದೋಲೆ. ಮುಂದೆ ಹುಟ್ಟಿದವರು ಹಿಂದಿನವರಿಗೆ ಬರೆಯುವ ಪತ್ರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಅವಕಾಶ. ಇಷ್ಟು ವರ್ಷಗಳಲ್ಲಿ ಮಾತು ಬಹಳ ಬದಲಾಗಿದೆ, ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಅರ್ಥ ಬಿಡಿಸುತ್ತಲೇ ಹೋಗುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನೂ ಕ್ಷಮಿಸಿ.

ನಿಮ್ಮ ನವನಗರದ ಎಷ್ಟೋ ಸೆಕ್ಟರುಗಳ ಮೇಲೆ ಈಗ ಕೃಷ್ಣೆಯ ಹಿನ್ನೀರು ನಿಂತಿದೆ. ನಾವು ಅದರ ಮೇಲೆ ತೇಲುಮನೆಗಳಲ್ಲಿ ವಾಸವಾಗಿದ್ದೇವೆ. ಗಾಬರಿಯಾಗಬೇಡಿ, ಸುಖವಾಗಿದ್ದೇವೆ. ಬೆಳಗಾದರೆ ರೊಟ್ಟಿ ಬಡಿಯುವ ಸದ್ದು ನೀರಿನ ಮೇಲೆ ಬಹುದೂರ ಹೋಗುತ್ತದೆ, ಯಾರ ಮನೆಯಲ್ಲಿ ಸೋಮಾರಿಗಳಿದ್ದಾರೆಂದು ಇಡೀ ಕೇರಿಗೆ ಗೊತ್ತಾಗುತ್ತದೆ. ಇಲ್ಲಿ ಗಂಡ ಹೆಂಡತಿಗೆ ಒಂದು ಕೋಣೆ, ಆ ಕೋಣೆಯೇ ಒಂದು ದೋಣಿ. ಒಂದು ಮನೆತನದ ಕೋಣೆಗಳನ್ನೆಲ್ಲ ಹಗ್ಗದಿಂದ ಸೇರಿಸಿ ಕಟ್ಟಿರುತ್ತೇವೆ. ಸಿಟ್ಟು ಬಂದವರು ಹಗ್ಗ ಬಿಚ್ಚಿಕೊಂಡು ತೇಲಿಹೋಗುತ್ತಾರೆ, ಹಸಿವಾದಾಗ ತಿರುಗಿ ಬರುತ್ತಾರೆ. ನನ್ನ ಗಂಡನೂ ಒಮ್ಮೆ ಹಾಗೆ ಹೋಗಿದ್ದ. ಎಣ್ಣೆಗಾಯಿಯ ವಾಸನೆ ಬಡಿದೊಡನೆ ತಾನೇ ಹುಟ್ಟು ಹಾಕಿಕೊಂಡು ಬಂದ.

ನನ್ನ ಸೊಸೆ ಮುಕುಳಾ ಬಿಚ್ಚಿಕೊಂಡು ಹೋಗುತ್ತಿದ್ದ ರೀತಿ ಬೇರೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ತಲೆಯ ಮೇಲೆ ಹೊತ್ತು ಮೆರೆಸಿದಳು. "ನನ್ನ ಹಡದಾಕಿಗಿಂತ ನೀವ ಹೆಚ್ಚರಿ ಅತ್ತಿ" ಎಂದಳು. ಒಂದು ದಿನ ನೆರೆಮನೆಗೆ ಹೋದವಳು ಹೇಳಿದ್ದಕ್ಕಿಂತ ತಡವಾಗಿ ಬಂದೆ, ಅಷ್ಟಕ್ಕೇ ರಾಕ್ಷಸಿಯಾದೆ. ಮಗ ಶರಣು ಆಣೆಕಟ್ಟೆಯ ಗೇಟಿನ ಕೆಲಸಕ್ಕೆ ಹೊರಟರೆ ಸಾಕು, ಬಿಟ್ಟೇ ಹೋಗುತ್ತಾನೆಂದು ನಡುಗುತ್ತಿದ್ದಳು. ಅವನು ಬಿಡುವ ಮೊದಲೇ ತಾನು ಬಿಡಬೇಕೆಂದು ಹಗ್ಗಕ್ಕೆ ಕೈ ಹಾಕುತ್ತಿದ್ದಳು. ತನ್ನ ಮೈಗೆ ತಾನೇ ಗಾಯ ಮಾಡಿಕೊಂಡ ದಿನಗಳೂ ಇದ್ದವು. ತವರಿನಲ್ಲಿ ತಾಯಿಯೊಡನೆ, ಶಾಲೆಯಲ್ಲಿ ಗೆಳತಿಯರೊಡನೆ ಆದದ್ದೂ ಇದೇ. ಸಿಟ್ಟು ಯಾರಿಗಿಲ್ಲ ಹೇಳಿ? ಆದರೆ ಸಿಟ್ಟು ಇಳಿದು ಹೋಗುತ್ತದೆ. ಇದು ವರ್ಷಗಟ್ಟಲೆ, ಜನ ಬದಲಾದರೂ ತಾನು ಬದಲಾಗದೆ, ಹತ್ತಿರ ಬಂದವರನ್ನೆಲ್ಲ ಎತ್ತಿ ಎತ್ತಿ ಕುಕ್ಕುತ್ತದೆ. ಕುಕ್ಕಿದವರಿಗೂ ಅಷ್ಟೇ ಪೆಟ್ಟಾಗುತ್ತದೆ.

ಇದಕ್ಕೆ ನಾವು ನಂಟುನೋವು ಎನ್ನುತ್ತೇವೆ, ಏಕೆಂದರೆ ಇದು ನೋಯುವುದು ನಂಟಿನಲ್ಲಿ. ನಿಮ್ಮ ಕಾಲದ ಡಾಕ್ಟರರು ವ್ಯಕ್ತಿತ್ವದ ಅಸ್ವಸ್ಥತೆ ಎನ್ನುತ್ತಿದ್ದರಂತೆ. ಇದರಲ್ಲಿ ಹಲವು ಬಗೆ. ಎಲ್ಲರನ್ನೂ ಅನುಮಾನಿಸುವವರಿದ್ದಾರೆ, ತಮ್ಮ ಹೊರತು ಮತ್ತೊಬ್ಬರಿಗೆ ನೋವಾಗುತ್ತದೆಂದೇ ಕಾಣದವರಿದ್ದಾರೆ. ಹೆಸರುಗಳು ಕೈಗೆ ಸಿಕ್ಕ ಹೊಸದರಲ್ಲಿ ನಮ್ಮ ಕೇರಿಯವರು ಮಾಡಿದ ಅವಾಂತರ ಕೇಳಬೇಡಿ. ಸಾರಿಗೆ ಉಪ್ಪು ಹೆಚ್ಚು ಹಾಕಿದ ಸೊಸೆಗೂ ಒಂದು ರೋಗದ ಹೆಸರು, ಹೊಸ ಸೀರೆ ಕೊಡಿಸದ ಗಂಡನಿಗೂ ಒಂದು ಹೆಸರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಕೊನೆಗೆ ಹಿರಿಯರು ಕಟ್ಟಳೆ ಮಾಡಿದರು. ಹೆಸರಿಡುವುದು ಕಲಿತವರ ಕೆಲಸ. ಪ್ರತಿ ಮದುವೆಗೂ ಗಂಡಿನ ಕಡೆಯವರಲ್ಲದ, ಹೆಣ್ಣಿನ ಕಡೆಯವರೂ ಅಲ್ಲದ ಮನೋವೈದ್ಯರೊಬ್ಬರು ಇರಬೇಕು. ಅವರನ್ನು ಮೂರನೆಯವರು ಎನ್ನುತ್ತೇವೆ. ಅವರಲ್ಲಿಗೆ ಮತ್ತೊಬ್ಬರ ದೂರು ಒಯ್ದವರು ಮೊದಲು ತಾವೇ ಕುಳಿತು ತಮ್ಮ ಸ್ವಭಾವ ತೋರಿಸಿಕೊಳ್ಳಬೇಕು. ನಾನೂ ಕುಳಿತೆ. "ನಿಮಗ ರೋಗ ಏನಿಲ್ರಿ, ಬಾಯಿ ಒಂದ್ ಐತಿ" ಎಂದರು. ಆಮೇಲೆ ಮುಕುಳಾ ತಾನಾಗಿ ಹೋಗಿ ಕುಳಿತಳು. ಹೆಸರು ತಿಳಿದ ದಿನ ಅತ್ತಳು, ನಕ್ಕಳು. "ನಾ ಕೆಟ್ಟಾಕಿ ಅಲ್ಲಂತ್ರಿ ಅತ್ತಿ" ಎಂದಳು. ಅಂದಿನಿಂದ ಪ್ರತಿ ವಾರ ಹೋಗುತ್ತಾಳೆ, ಒಂದು ವಾರವೂ ತಪ್ಪಿಸಿಲ್ಲ.

ನಮ್ಮ ಪಾಲಿನ ಕೆಲಸವನ್ನೂ ಮೂರನೆಯವರೇ ಕಲಿಸಿದರು. ಅದಕ್ಕೆ ಕೂಗಳತೆ ಕಾಯುವುದು ಎನ್ನುತ್ತೇವೆ. ಅವಳು ಬಿಚ್ಚಿಕೊಂಡು ಹೋದಾಗ ಮನೆಯವರೊಬ್ಬರು ದೋಣಿಯಲ್ಲಿ ಹಿಂದೆ ಹೋಗಬೇಕು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಿಲ್ಲಬೇಕು. ಹತ್ತಿರ ಹೋಗಿ ಬೈಗುಳಕ್ಕೆ ಮೈಯೊಡ್ಡಿ ಕೂರಬಾರದು, ಬೆನ್ನು ತಿರುಗಿಸಿ ಮನೆಗೂ ಬರಬಾರದು. ಆ ಕೆಲಸ ನಾನೇ ಹಿಡಿದೆ. ಬುತ್ತಿ ಕಟ್ಟಿಕೊಂಡು ಹೋಗಿ ಕೂರುತ್ತಿದ್ದೆ. ಅವಳು "ಹೋಗ್ರಿ, ನಿಮ್ಮ ಮಾರಿ ನೋಡೂದಿಲ್ಲ" ಎಂದು ಕಿರುಚುವಳು. ನಾನು "ನೋಡಬ್ಯಾಡ ತಂಗಿ, ನಾ ಇಲ್ಲೇ ಅದೀನಿ" ಎನ್ನುವೆನು. ನನ್ನಂಥ ಬಾಯಿಬಡುಕಿಗೆ ಇಷ್ಟೇ ಮಾತಿನಲ್ಲಿ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ನಿಮಗೆ ತಿಳಿಯಬೇಕು.

ಮೊನ್ನೆ ಶರಣು ಮತ್ತೆ ಕೆಲಸಕ್ಕೆ ಹೊರಟ, ಈ ಸಲ ಇಡೀ ಮಳೆಗಾಲಕ್ಕೆ. ಅವನ ದೋಣಿ ಮರೆಯಾದ ಮೇಲೆ ಮುಕುಳಾ ಹಗ್ಗದ ಗಂಟಿನ ಬಳಿ ಹೋಗಿ ನಿಂತಳು. ನಾನು ಬುತ್ತಿಗೆ ರೊಟ್ಟಿ ಸುತ್ತತೊಡಗಿದೆ. ಆದರೆ ಅವಳು ನನ್ನ ಹತ್ತಿರವೇ ಬಂದಳು. "ಅತ್ತೀ, ಬಿಚ್ಚಬೇಕಂತ ಕೈ ಚಡಪಡಸಾಕತ್ತಾವ್ರಿ. ಅವ್ರು ಬಿಟ್ಟು ಹೋಗಿಲ್ಲ, ದುಡ್ಯಾಕ ಹೋಗ್ಯಾರ ಅಂತ ತಲಿಗೆ ಗೊತ್ತೈತಿ, ಎದಿಗೆ ಗೊತ್ತಾಗವಲ್ದು. ಸ್ವಲ್ಪ ಹೊತ್ತು ಕೈ ಹಿಡಕೊಂಡು ಕುಂದರ್ರಿ" ಎಂದಳು. ಕುಳಿತೆವು. ಹಂಚಿನ ಮೇಲೆ ಉಳಿದಿದ್ದ ರೊಟ್ಟಿ ಸೀದು ಕರಕಲಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದ ಹಿರಿಯರು ಅವಳನ್ನು ನೋಡಬೇಕಿತ್ತು! ಹೆಮ್ಮೆಯಿಂದ ನನ್ನ ಎದೆ ಉಬ್ಬಿತು, ಕಸ್ತೂರೆವ್ವಾ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡಿ, ಇವಳು ನಾನು ಹೆತ್ತವಳೂ ಅಲ್ಲ.

ಇನ್ನು ಈ ಓಲೆ ನಿಮಗೇ ಏಕೆ ಎಂದರೆ, ನಿಮ್ಮ ಮಗ ಗಂಗಾಧರನ ಮೊದಲ ಹೆಂಡತಿ ಸುವರ್ಣಾ ನಿಮ್ಮ ಮನೆಯಲ್ಲಿದ್ದಾಳೆ. ಅವಳ ಬಗ್ಗೆ ನಮ್ಮ ಮನೆತನದಲ್ಲಿ ಉಳಿದಿರುವ ಕಥೆ ಬಹಳ ಸಣ್ಣದು. ಗಯ್ಯಾಳಿ. ಬೆಳಿಗ್ಗೆ ಅತ್ತೆಯ ಕಾಲು ಹಿಡಿಯುವಳು, ಸಂಜೆ ಶಾಪ ಹಾಕುವಳು. ಗಂಡ ಊರಿಗೆ ಹೊರಟರೆ ಬಾಗಿಲಿಗೆ ಅಡ್ಡ ಮಲಗುವಳು. ವರ್ಷದೊಳಗೆ ಅಪ್ಪ ಬಂದು ಕರೆದುಕೊಂಡು ಹೋದ, ಮುಂದೆ ಅವಳೇನಾದಳೋ ಯಾರೂ ಕೇಳಲಿಲ್ಲ. ಮುಕುಳಾಳ ಕಥೆ ಓದುವಾಗಲೇ ಇಬ್ಬರ ಹೋಲಿಕೆ ನಿಮಗೆ ಹೊಳೆದಿರಬೇಕು. ದೂರದಲ್ಲಿ ಕುಳಿತು ಅವಳಿಗೆ ಹೆಸರಿಡುವ ಹಕ್ಕು ನನಗಿಲ್ಲ. ಆದರೆ ಅವಳನ್ನು ಬಲ್ಲವರ ಬಳಿ ಕರೆದುಕೊಂಡು ಹೋಗುವ ಕೈ ನಿಮಗಿದೆ, ಆಸ್ಪತ್ರೆ ನಿಮ್ಮ ಊರಿನಲ್ಲೇ ಇದೆ. ಅವಳ ಅಪ್ಪ ಗಾಡಿ ತಂದಾಗ ಕಳುಹಿಸಬೇಡಿ. ಬಾಗಿಲಲ್ಲಿ ನಿಂತು, ನಾನು ಇಲ್ಲೇ ಇದ್ದೇನೆ ಎಂದು ಒಂದು ಮಾತು ಹೇಳಿ.

ಒಂದು ವಿಷಯ ಮುಚ್ಚಿಡುವುದಿಲ್ಲ. ಸುವರ್ಣಾ ಹೋದ ಮರುವರ್ಷ ಮಹಾದೇವಿ ಎಂಬವಳು ನಿಮ್ಮ ಎರಡನೆಯ ಸೊಸೆಯಾಗಿ ಬಂದಳು. ನಾವೆಲ್ಲ ಅವಳ ಹೊಟ್ಟೆಯ ಸಂತಾನ. ನೀವು ನನ್ನ ಮಾತು ಕೇಳಿದರೆ ಮಹಾದೇವಿ ಬರುವುದಿಲ್ಲ, ನಾನು ಹುಟ್ಟುವುದಿಲ್ಲ, ಶರಣು ಹುಟ್ಟುವುದಿಲ್ಲ. ಇದನ್ನು ಮುಕುಳಾಗೂ ಓದಿ ಹೇಳಿದೆ. ಓಲೆಯನ್ನು ತಾನೇ ಮಡಚಿ ನನ್ನ ಕೈಗಿಟ್ಟು, "ಕಳಸ್ರಿ ಅತ್ತಿ" ಎಂದಳು.

ನನಗೆ ಭಯವಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮುಕುಳಾ ಬೇರೆ ಯಾವ ಮನೆ ಸೇರಿದರೂ ನಮ್ಮ ಕಾಲದಲ್ಲಿ ಅವಳ ಹಿಂದೆ ದೋಣಿ ತೆಗೆದುಕೊಂಡು ಹೋಗುವ ಅತ್ತೆ ಸಿಗುತ್ತಾಳೆ. ಕೂಗಳತೆ ಕಾಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಸುವರ್ಣಾಗೆ ಇರುವವರು ನೀವೊಬ್ಬರೇ.